ನಿನ್ನನ್ನು ಕಳಿಸಿದ್ದು ಯಾರು?



ಸ್ವಲ್ಪ ಉದ್ದದ ಪೋಸ್ಟು. ರಜೆ ಇತ್ತು ಅಂತ ಕೂತು ಬರೆದಿದ್ದೇನೆ. ಬಿಡುವು ಮಾಡಿಕೊಂಡು ಕೊನೆವರೆಗೂ ಓದಿ, ಆಮೇಲೆ ಬೈಯೋದಿದ್ರೆ ಬೈಯಿರಿ.

ಹೋದ ತಿಂಗಳು ನಮ್ಮ ಕೇರಿಯಲ್ಲಿ ಒಂದು ಪ್ರಸಂಗ ನಡೀತು. ನಮ್ಮ ದೊಡ್ಡಮ್ಮ ಬುಧವಾರ ಸಂಜೆ ಮನೆಯಲ್ಲಿ ಆರೇಳು ಹೆಂಗಸರನ್ನು ಕೂರಿಸಿಕೊಂಡು ಪ್ರಾರ್ಥನೆ ಮಾಡ್ತಾರೆ. ಓದು ಬರೋದಿಲ್ಲ. ಮೊಮ್ಮಗಳು ಬೈಬಲ್ ಓದ್ತಾಳೆ, ಇವರು ಕೇಳಿಸಿಕೊಂಡು ತಮ್ಮ ಮಾತಲ್ಲಿ ಹೇಳ್ತಾರೆ. ಆವತ್ತು ನಾಲ್ಕು ಜನ ಹುಡುಗರು ಬಾಗಿಲಲ್ಲಿ ನಿಂತು ಮೊಬೈಲ್ ಹಿಡಿದು ಕೇಳಿದರಂತೆ: "ಏನಮ್ಮ, ಯಾರು ಕಳ್ಸಿದ್ದು ನಿನ್ನ? ತಿಂಗಳಿಗೆ ಎಷ್ಟು ಕೊಡ್ತಾರೆ?"

ದೊಡ್ಡಮ್ಮ ಎದ್ದು ಬಂದು ಹೇಳಿದ್ದಿಷ್ಟು: "ಯಾರೂ ಕಳ್ಸಿಲ್ಲ ಕಣಪ್ಪ. ನಂಗೆ ಸಿಕ್ತು, ಪಕ್ಕದ ಮನೆಯವ್ಳಿಗೆ ಹೇಳ್ದೆ. ಸಿಕ್ಕಿದ್ದನ್ನ ಒಬ್ಳೇ ಬಚ್ಚಿಟ್ಕೊಂಡ್ರೆ ಅದು ಕಳ್ಳತನ ಆಗಲ್ವಾ?"

ಹುಡುಗರು ವಿಡಿಯೋ ಮಾಡಿಕೊಂಡು ಹೋದರು. ಮಾರನೇ ದಿನ ನನ್ನ ಆಫೀಸಿನಲ್ಲಿ ಒಬ್ಬರು, ನನ್ನ ಮೇಜಿನ ಎದುರಿಗೇ ಕೂತು ಟೀ ಕುಡೀತಾ, "ನಿಮ್ಮವರು ಬಿಡಿ, ಒಂದು ಮೂಟೆ ಅಕ್ಕಿ ಕೊಟ್ರೆ ದೇವರನ್ನೇ ಬದಲಾಯಿಸ್ತಾರೆ" ಅಂದರು. ನಕ್ಕು ಹೇಳಿದ ಮಾತು. ನಾನೂ ಆವತ್ತು ಸುಮ್ಮನಿದ್ದೆ. ಸುಮ್ಮನಿದ್ದಿದ್ದಕ್ಕೆ ಇವತ್ತು ಬರೀತಿದ್ದೇನೆ.

ಮೊದಲೇ ಹೇಳಿಬಿಡ್ತೀನಿ. ನಾನು ಕ್ರೈಸ್ತ ಅಲ್ಲ. ಬಾಬಾಸಾಹೇಬರ ದಾರಿಯವನು. ಈ ಪೋಸ್ಟು ಯಾರನ್ನೂ ಚರ್ಚಿಗೆ ಕರೆಯೋದಕ್ಕಲ್ಲ. ನಮ್ಮ ಜನ ಆ ಧರ್ಮಕ್ಕೆ ಹೋದ ಚರಿತ್ರೆಯನ್ನ ಯಾರೋ ಕೊಟ್ಟರು, ಯಾರೋ ತಗೊಂಡರು ಅನ್ನೋ ಹಾಗೆ ಹೇಳ್ತಾರಲ್ಲ, ಆ ಚರಿತ್ರೆ ನಿಜಕ್ಕೂ ಹಾಗಿತ್ತಾ ಅಂತ ನೋಡೋದಕ್ಕೆ.

ಒಂಗೋಲಿನ ಪೇರಯ್ಯ

1860ರ ದಶಕದ ಆಂಧ್ರಕ್ಕೆ ಹೋಗೋಣ. ಯರ್ರಗುಂಟ್ಲ ಪೇರಯ್ಯ ಅಂತ ಒಬ್ಬ ಮಾದಿಗ. ಚರ್ಮದ ವ್ಯಾಪಾರ. ಆ ವ್ಯಾಪಾರಕ್ಕಾಗಿ ಊರೂರು ಅಲೆಯೋದು. ಆದರೆ ಅವನು ಬರೀ ವ್ಯಾಪಾರಿ ಅಲ್ಲ, ಯೋಗದ ದಾರಿ ಹಿಡಿದವನು, ತನ್ನ ಜನರ ನಡುವೆ ಗುರು ಅನ್ನಿಸಿಕೊಂಡವನು. ಅಂದರೆ ಮಿಷನರಿ ಸಿಗೋದಕ್ಕೆ ಮುಂಚೆಯೇ ಅವನಿಗೆ ಹುಡುಕಾಟ ಇತ್ತು. ನಮ್ಮ ಜನಕ್ಕೆ ತಲೆಯಲ್ಲಿ ಏನೂ ಇರಲಿಲ್ಲ, ಬಿಳಿಯರು ಬಂದು ತುಂಬಿದರು ಅನ್ನೋರಿಗೆ ಇದು ಮೊದಲ ಉತ್ತರ.

ವ್ಯಾಪಾರಕ್ಕೆ ಉತ್ತರದ ಏಲೂರಿನ ಕಡೆ ಹೋದಾಗ ಯೇಸುವಿನ ವಿಷಯ ಅವನ ಕಿವಿಗೆ ಬಿತ್ತು. ವಾಪಸು ಬಂದವನು ಸುಮ್ಮನೆ ಕೂರಲಿಲ್ಲ. ತನ್ನ ಊರು ತಾಳ್ಳಕೊಂಡಪಾಡು ಸುತ್ತ ಬಂಧುಬಳಗಕ್ಕೆಲ್ಲ ಹೇಳುತ್ತಾ ಹೋದ. ಆಮೇಲೆ ಅಮೆರಿಕನ್ ಬ್ಯಾಪ್ಟಿಸ್ಟ್ ಮಿಷನರಿ ಜಾನ್ ಕ್ಲೌ ಒಂಗೋಲಿಗೆ ಬಂದ. ಈ ಕ್ಲೌ ಹಿಂದೆ ಅಮೆರಿಕದಲ್ಲಿ ಸರ್ವೆಯರ್ ಕೆಲಸ ಮಾಡಿದವನು. 1867ರ ಜನವರಿಯಲ್ಲಿ ತಾಳ್ಳಕೊಂಡಪಾಡಿಗೆ ಹೋಗಿ ಅವನು 28 ಜನಕ್ಕೆ ದೀಕ್ಷಾಸ್ನಾನ ಕೊಟ್ಟ. ಅಲ್ಲಿ ಅವನಿಗಾಗಿ ಕಾಯುತ್ತಿದ್ದವರು ಪೇರಯ್ಯನ ಬಾಯಿಂದ ಕೇಳಿ ಬಂದವರು. ಬೀಜ ಬಿತ್ತಿದ್ದು ಚರ್ಮದ ವ್ಯಾಪಾರಿ, ಮಿಷನರಿ ಬಂದಿದ್ದು ಕುಯ್ಲಿಗೆ.

ಈಗ ಬೈಬಲ್ಲಿನ ವಿಷಯಕ್ಕೆ ಬರ್ತೀನಿ. ಒಂಗೋಲಿನ ಮೇಲುಜಾತಿಯವರಲ್ಲಿ ಕೆಲವರು ಮಿಷನ್ನಿಗೆ ಹತ್ತಿರವಾಗ್ತಿದ್ದರು, ಮಕ್ಕಳನ್ನು ಶಾಲೆಗೆ ಕಳಿಸ್ತಿದ್ದರು. ಮಾದಿಗರನ್ನು ಸೇರಿಸಿಕೊಳ್ತೀರಿ ಅಂತ ಗೊತ್ತಾದ ಕೂಡಲೇ ತಕರಾರು: ಅವರು ಬಂದರೆ ನಾವು ಬರೋದಿಲ್ಲ. ಕ್ಲೌಗೆ ಇಕ್ಕಟ್ಟು. ಬ್ರಾಹ್ಮಣರು ಬಂದರೆ ಊರೆಲ್ಲ ಹಿಂದೆ ಬರುತ್ತದೆ ಅನ್ನೋದು ಆ ಕಾಲದ ಬಹುಪಾಲು ಮಿಷನರಿಗಳ ಲೆಕ್ಕ. ಆವತ್ತು ಅವನು ಒಂದು ಕೋಣೆಯಲ್ಲಿ ಬೈಬಲ್ ತೆರೆದ. ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯ ಮೊದಲನೇ ಅಧ್ಯಾಯ ಸಿಕ್ಕಿತು. ಇನ್ನೊಂದು ಕೋಣೆಯಲ್ಲಿ ಹೆಂಡತಿ ಹ್ಯಾರಿಯೆಟ್ ತೆರೆದ ಬೈಬಲ್ಲಿನಲ್ಲೂ ಅದೇ ಭಾಗ. ಅಲ್ಲಿ ಪೌಲ ಹೇಳೋದು ಏನು ಅಂದರೆ, ನಿಮ್ಮಲ್ಲಿ ದೊಡ್ಡ ಕುಲದವರು, ಬಲವಂತರು ಬಹಳ ಜನ ಇಲ್ಲ; ಲೋಕ ಯಾರನ್ನು ಕೀಳು ಅಂತ ಎಣಿಸಿತೋ ಅವರನ್ನೇ ದೇವರು ಆರಿಸಿಕೊಂಡ ಅಂತ. ಗಂಡ ಹೆಂಡತಿ ಇದನ್ನೇ ಉತ್ತರ ಅಂತ ತಗೊಂಡರು. ಮೇಲುಜಾತಿಯ ಹುಡುಗರು ಹೋದರೆ ಹೋಗಲಿ, ಮಾದಿಗರಿಗೆ ಬಾಗಿಲು ತೆಗೆದೇ ಇರಲಿ ಅಂದರು.

ಇಬ್ಬರಿಗೂ ಒಂದೇ ಪುಟ ಸಿಕ್ಕಿದ್ದು ಪವಾಡವೋ ಕಾಕತಾಳೀಯವೋ, ಅದು ನಿಮ್ಮ ನಿಮ್ಮ ನಂಬಿಕೆ. ನಾನು ನೋಡೋದು ಬೇರೆ. ಆ ಪುಟ ಸಾವಿರದ ಎಂಟುನೂರು ವರ್ಷದಿಂದ ಅಲ್ಲೇ ಇತ್ತು. ಪೇರಯ್ಯನ ಜನ ಬಾಗಿಲಿಗೆ ಬಂದು ನಿಂತ ಮೇಲೆ ಅದು ಕಣ್ಣಿಗೆ ಕಾಣಿಸಿತು. ಮಿಷನರಿ ಮಾದಿಗರಿಗೆ ಬೈಬಲ್ ಕಲಿಸಿದ, ನಿಜ. ಬೈಬಲ್ಲಿನಲ್ಲಿ ಯಾವ ಪುಟ ಓದಬೇಕು ಅಂತ ಮಾದಿಗರು ಮಿಷನರಿಗೆ ಕಲಿಸಿದರು, ಅದೂ ನಿಜ.

ಅಕ್ಕಿ ಮೂಟೆಯ ಲೆಕ್ಕ

ಇನ್ನು ನನ್ನ ಸಹೋದ್ಯೋಗಿಯ ಅಕ್ಕಿ ಮೂಟೆ. 1876ರಿಂದ 78ರವರೆಗೆ ದಕ್ಷಿಣ ಭಾರತದಲ್ಲಿ ಘೋರ ಬರ. ನಮ್ಮ ಮೈಸೂರು ಸೀಮೆಯಲ್ಲೂ ಲಕ್ಷಾಂತರ ಜನ ಸತ್ತ ಬರ ಅದೇ, ನಮ್ಮ ಅಜ್ಜಿಯರು ಧಾತು ಈಶ್ವರ ಬರ ಅಂತಿದ್ದರಲ್ಲ, ಅದು. ಆಗ ಸರ್ಕಾರ ಬಕಿಂಗ್‌ಹ್ಯಾಮ್ ಕಾಲುವೆ ತೋಡಿಸ್ತಿತ್ತು. ಕ್ಲೌ ತನ್ನ ಹಳೇ ಸರ್ವೆ ವಿದ್ಯೆ ಉಪಯೋಗಿಸಿ ಕಾಲುವೆಯ ಒಂದು ಭಾಗದ ಗುತ್ತಿಗೆ ಹಿಡಿದ, ಸಾವಿರಾರು ಜನಕ್ಕೆ ಕೂಲಿ ಕೊಟ್ಟ. ಅಲ್ಲಿ ಕೆಲಸ ಮಾಡಿದ ಜನ ಗುಂಪು ಗುಂಪಾಗಿ ದೀಕ್ಷಾಸ್ನಾನ ಕೇಳಿದರು.

ಅವನು ಕೊಡಲಿಲ್ಲ. ವರ್ಷದ ಮೇಲೆ ಒಬ್ಬರಿಗೂ ಕೊಡಲಿಲ್ಲ. ಹೊಟ್ಟೆಗೆ ಬಂದವರು ಯಾರು, ಮನಸ್ಸಿಗೆ ಬಂದವರು ಯಾರು ಅಂತ ಬರದಲ್ಲಿ ತಿಳಿಯೋದಿಲ್ಲ ಅಂತ ನಿಲ್ಲಿಸಿದ. ಬರ ಮುಗಿದು, ಕೂಲಿ ನಿಂತು, ಇನ್ನು ಕೊಡೋದು ಏನೂ ಇಲ್ಲ ಅಂದ ಮೇಲೂ ಜನ ಹಿಂತಿರುಗಿ ಬಂದರು. 1878ರ ಜುಲೈ 3ರಂದು ಗುಂಡ್ಲಕಮ್ಮ ನದಿಯಲ್ಲಿ ಒಂದೇ ದಿನ 2,222 ಜನ ದೀಕ್ಷಾಸ್ನಾನ ತಗೊಂಡರು. ನೀರಿಗೆ ಇಳಿದು ಕೊಟ್ಟವರು ಕ್ಲೌ ಅಲ್ಲ. ಆರು ಜನ ಬೋಧಕರು, ಇಬ್ಬಿಬ್ಬರಂತೆ ಸರದಿಯಲ್ಲಿ.

ಹೊಟ್ಟೆ ಲೆಕ್ಕ ಇರಲೇ ಇಲ್ಲ ಅಂತ ನಾನು ಹೇಳೋದಿಲ್ಲ. ಸಾಯುವಾಗ ಯಾರು ಗಂಜಿ ಕೊಟ್ಟರು, ಯಾರು ಬಾಗಿಲು ಹಾಕಿಕೊಂಡರು ಅನ್ನೋದನ್ನ ಜನ ನೆನಪಿಟ್ಟುಕೊಳ್ತಾರೆ. ಅದು ಮನುಷ್ಯರ ಬುದ್ಧಿ, ಅದರಲ್ಲಿ ನಾಚಿಕೆ ಪಡೋದು ಏನಿದೆ? ಆದರೆ ಕ್ರೈಸ್ತರಾದ ಮೇಲೆ ಅವರಿಗೆ ಸಿಕ್ಕಿದ್ದೇನು ಅನ್ನೋದನ್ನೂ ನೋಡಿ. ಸತ್ತ ದನದ ಮಾಂಸ ತಿನ್ನೋದಿಲ್ಲ ಅಂದರು. ಊರಹಬ್ಬಕ್ಕೆ ತಮಟೆ ಹೊಡೆಯೋದಿಲ್ಲ ಅಂದರು. ಭಾನುವಾರ ಗೌಡನ ಹೊಲಕ್ಕೆ ಹೋಗೋದಿಲ್ಲ ಅಂದರು. ಅದಕ್ಕೆ ಏಟು ತಿಂದರು, ಕೆಲಸ ಕಳಕೊಂಡರು, ನೀರಿನ ದಾರಿ ಮುಚ್ಚಿಸಿಕೊಂಡರು. ಅಕ್ಕಿಗೆ ಹೋದವನು ಇಷ್ಟು ಬೆಲೆ ಯಾಕೆ ತೆರುತ್ತಾನೆ?

ಕುಂಟ ದಿತ್ತ

ಪೇರಯ್ಯನದು ಒಬ್ಬನ ಕಥೆ ಅನ್ನಬಹುದು. ಅದಕ್ಕೇ ಇನ್ನೊಂದು. ಜಾಗ ಪಂಜಾಬಿನ ಸಿಯಾಲ್‌ಕೋಟ್, ಈಗ ಪಾಕಿಸ್ತಾನದಲ್ಲಿದೆ. ಅಲ್ಲಿ ಚೂಹ್ರಾ ಅಂತ ನಮ್ಮಂಥದೇ ಜಾತಿ. ಕಸ ಗುಡಿಸೋದು, ಸತ್ತ ದನ ಎಳೆಯೋದು, ಜಾಟ ಜಮೀನ್ದಾರರ ಹೊಲದಲ್ಲಿ ದುಡಿಯೋದು. ಅವರಲ್ಲಿ ದಿತ್ತ ಅಂತ ಸುಮಾರು ಮೂವತ್ತು ವರ್ಷದವನು. ಕಪ್ಪಗೆ, ಕುಳ್ಳಗೆ, ಒಂದು ಕಾಲು ಕುಂಟು, ಓದು ಇಲ್ಲ. ಕೆಲಸ, ನೀವೇ ಊಹಿಸಿ, ಊರೂರು ತಿರುಗಿ ಚರ್ಮ ಕೊಂಡು ಮಾರೋದು.

ಅಮೆರಿಕದ ಪ್ರೆಸ್ಬಿಟೇರಿಯನ್ ಮಿಷನ್ 1855ರಿಂದ ಸಿಯಾಲ್‌ಕೋಟ್‌ನಲ್ಲಿ ಕೂತಿತ್ತು. ಅವರ ಕಣ್ಣು ಮೇಲಿನವರ ಮೇಲೆ. ಸಿಕ್ಕವರು ಬೆರಳೆಣಿಕೆ. ಅವರಲ್ಲಿ ನತ್ತು ಅಂತ ಒಬ್ಬ ಜಾಟ, ಅವನಿಂದ ಏನೂ ಪ್ರಯೋಜನ ಆಗೋದಿಲ್ಲ ಅಂತ ಮಿಷನರಿಗಳೇ ಅಂದುಕೊಂಡಿದ್ದವನು. ಆ ನತ್ತು 1873ರಲ್ಲಿ ದಿತ್ತನನ್ನು ಮಿಷನರಿ ಸ್ಯಾಮ್ಯುವೆಲ್ ಮಾರ್ಟಿನ್ ಹತ್ತಿರ ಕರಕೊಂಡು ಬಂದ, ದೀಕ್ಷಾಸ್ನಾನ ಕೊಡಿ ಅಂತ.

ಮಾರ್ಟಿನ್‌ಗೆ ಅನುಮಾನ. ಇವನಿಗೆ ತಿಳಿದಿರೋದೇ ಕಡಿಮೆ, ಇಲ್ಲೇ ಇದ್ದು ಸ್ವಲ್ಪ ಕಲಿಯಲಿ ಅನ್ನೋದು ಅವನ ಯೋಚನೆ. ಆದರೆ ಬೇಡ ಅನ್ನೋದಕ್ಕೆ ಬೈಬಲ್ಲಿನಲ್ಲಿ ಕಾರಣ ಹುಡುಕಿದರೆ ಒಂದೂ ಸಿಗಲಿಲ್ಲ. ಕೊಟ್ಟ. ಕೊಟ್ಟ ಮೇಲೆ ಇನ್ನೊಂದು ಆಶ್ಚರ್ಯ: ದಿತ್ತ ತಕ್ಷಣ ಊರಿಗೆ ಹೋಗ್ತೀನಿ ಅಂದ. ಆವರೆಗೆ ಕ್ರೈಸ್ತರಾದವರು ಊರು ಬಿಟ್ಟು ಮಿಷನ್ ಕಾಂಪೌಂಡಿನಲ್ಲಿ ನೆಲೆಸೋದೇ ರೂಢಿ. ಇವನು ತನ್ನ ಜನರ ಹತ್ತಿರ ವಾಪಸು ಹೊರಟ.

ಮನೆಯಲ್ಲಿ ಮಂಗಳಾರತಿ ಆಯ್ತು. ಅಣ್ಣತಮ್ಮಂದಿರು, ಅತ್ತಿಗೆಯರು ಸುತ್ತ ನಿಂತು, ಓಹೋ ಸಾಹೇಬನಾಗಿ ಬಂದೆಯಾ ಅಂತ ಹಂಗಿಸಿದರು. ದಿತ್ತ ಜಗಳ ಆಡಲಿಲ್ಲ, ಊರೂ ಬಿಡಲಿಲ್ಲ. ಎರಡು ತಿಂಗಳಿಗೆ ಹೆಂಡತಿ, ಮಗಳು, ಇಬ್ಬರು ನೆರೆಯವರನ್ನು ಕರಕೊಂಡು ಸುಮಾರು ಮೂವತ್ತು ಮೈಲಿ ನಡೆದು ಸಿಯಾಲ್‌ಕೋಟ್‌ಗೆ ಬಂದ. ಕುಂಟು ಕಾಲಲ್ಲಿ ನಡೆದ ದಾರಿ ಅದು. ಅವರಿಗೆ ಕಲಿಸಿದವನೂ ಅವನೇ. ಮುಂದಿನ ಫೆಬ್ರವರಿಗೆ ಇನ್ನೂ ನಾಲ್ಕು ಜನ. ಚರ್ಮ ಕೊಳ್ಳೋದಕ್ಕೆ ಯಾವ ಊರಿಗೆ ಹೋದರೂ ತನಗೆ ತಿಳಿದಷ್ಟು ಹೇಳಿ ಬರುತ್ತಿದ್ದ.

1881ರ ಜನಗಣತಿಯಲ್ಲಿ ಪಂಜಾಬಿನ ದೇಶೀ ಕ್ರೈಸ್ತರು ನಾಲ್ಕು ಸಾವಿರದಷ್ಟು. 1921ರಲ್ಲಿ ಮೂರು ಲಕ್ಷ ದಾಟಿದರು. ಅವರಲ್ಲಿ ಬಹುಪಾಲು ಚೂಹ್ರಾಗಳು. ಓದು ಬಾರದ ಜನ ಧರ್ಮ ಕಲಿತದ್ದು ಹಾಡಿನಿಂದ. ಇಮಾಮುದ್ದೀನ್ ಶಾಹಬಾಜ್ ಅನ್ನೋ ಕವಿ ಬೈಬಲ್ಲಿನ ಕೀರ್ತನೆಗಳನ್ನು ಪಂಜಾಬಿ ಮಟ್ಟುಗಳಿಗೆ ತಂದ. ಇವತ್ತಿಗೂ ಪಾಕಿಸ್ತಾನದ ಕ್ರೈಸ್ತರು ಅವನ್ನೇ ಹಾಡ್ತಾರೆ.

ಯಾವ ವಾಕ್ಯ ಇವರನ್ನು ನಡೆಸಿತು?

ಯುರೋಪ್, ಅಮೆರಿಕದ ಮಿಷನರಿಗಳನ್ನು ಕೇಳಿದರೆ ಹೇಳುತ್ತಿದ್ದ ವಾಕ್ಯ ಮತ್ತಾಯನ ಕೊನೆಯ ಅಧ್ಯಾಯದ್ದು: ಎಲ್ಲ ಜನಾಂಗಗಳ ಹತ್ತಿರ ಹೋಗಿ ಶಿಷ್ಯರನ್ನು ಮಾಡಿ ಅನ್ನೋದು. ವಿಲಿಯಂ ಕೇರಿ 1792ರಲ್ಲಿ ಬರೆದ ಪುಸ್ತಕದಲ್ಲಿ ಈ ಆಜ್ಞೆ ಇಂದಿಗೂ ಜಾರಿಯಲ್ಲಿದೆ ಅಂತಲೇ ವಾದಿಸಿದ. ಅದು ಹಡಗು ಹತ್ತಿ ದೂರ ಹೋಗಬಲ್ಲವರ ವಾಕ್ಯ. ಅದರ ಜೊತೆ ಸಾಮ್ರಾಜ್ಯವೂ ಹಡಗು ಹತ್ತಿ ಬಂತು, ಅದನ್ನೂ ಮರೆಯೋದು ಬೇಡ.

ದಿತ್ತ, ಪೇರಯ್ಯ ಅವರ ಮನಸ್ಸಿನಲ್ಲಿ ಯಾವ ವಾಕ್ಯ ಇತ್ತೋ ಅದನ್ನು ನಾನು ಬರೆಯಲಾರೆ. ಆದರೆ ಅವರ ನಡೆ ನೋಡಿದರೆ ನನಗೆ ಬೈಬಲ್ಲಿನ ಬೇರೆ ಮೂರು ಜಾಗ ನೆನಪಾಗ್ತವೆ. ಇದು ನನ್ನ ಓದು.

ಒಂದು, ಮಾರ್ಕನ ಐದನೇ ಅಧ್ಯಾಯ. ಊರ ಹೊರಗೆ, ಸಮಾಧಿಗಳ ನಡುವೆ ಇರುತ್ತಿದ್ದ ಒಬ್ಬ. ಜನ ಸರಪಳಿ ಹಾಕಿ ಕಟ್ಟುತ್ತಿದ್ದರು. ವಾಸಿಯಾದ ಮೇಲೆ ನಿನ್ನ ಜೊತೆ ಬರ್ತೀನಿ ಅಂತ ಯೇಸುವನ್ನು ಬೇಡಿದ. ಯೇಸು ಕರಕೊಂಡು ಹೋಗಲಿಲ್ಲ. ಮನೆಗೆ ಹೋಗಿ ನಿನ್ನವರಿಗೆ ಹೇಳು ಅಂದ. ದಿತ್ತ ಮಾಡಿದ್ದು ಇದನ್ನೇ.

ಎರಡು, ಯೋಹಾನನ ನಾಲ್ಕನೇ ಅಧ್ಯಾಯ. ಬಾವಿಯ ಹತ್ತಿರ ಸಮಾರ್ಯದ ಹೆಂಗಸು. ಯೆಹೂದ್ಯರು ಸಮಾರ್ಯದವರ ಜೊತೆ ಹೊಕ್ಕುಬಳಕೆ ಇಟ್ಟುಕೊಳ್ಳದ ಕಾಲ. ಯೇಸು ಅವಳ ಕೈನೀರು ಕೇಳ್ತಾನೆ. ಅವಳು ಕೊಡ ಅಲ್ಲೇ ಬಿಟ್ಟು ಊರಿಗೆ ಓಡಿ ಹೋಗಿ ಎಲ್ಲರಿಗೂ ಹೇಳ್ತಾಳೆ. ಬಾವಿ, ಕೊಡ, ಯಾರ ಕೈನೀರು ಯಾರು ಕುಡೀಬಹುದು ಅನ್ನೋದು ನಮ್ಮ ಜನಕ್ಕೆ ಟಿಪ್ಪಣಿ ಇಲ್ಲದೆ ಅರ್ಥ ಆಗೋ ಕಥೆ.

ಮೂರು, ಎರಡನೇ ಅರಸುಗಳ ಏಳನೇ ಅಧ್ಯಾಯ. ಸಮಾರ್ಯಕ್ಕೆ ಶತ್ರುಗಳ ಮುತ್ತಿಗೆ, ಊರೊಳಗೆ ಬರ. ಊರಬಾಗಿಲ ಹೊರಗೆ ನಾಲ್ಕು ಜನ ಕುಷ್ಠರೋಗಿಗಳು. ಹೇಗಿದ್ದರೂ ಸಾವೇ ಅಂತ ಶತ್ರುಗಳ ಪಾಳೆಯಕ್ಕೆ ಹೋದರೆ ಅಲ್ಲಿ ಯಾರೂ ಇಲ್ಲ, ಊಟ ಮಾತ್ರ ರಾಶಿ ಬಿದ್ದಿದೆ. ಹೊಟ್ಟೆ ತುಂಬ ತಿಂದರು, ಒಂದಿಷ್ಟು ಬಚ್ಚಿಟ್ಟರು. ಆಮೇಲೆ ಒಬ್ಬರಿಗೊಬ್ಬರು ಹೇಳಿಕೊಂಡರು, ನಾವು ಮಾಡ್ತಿರೋದು ಸರಿಯಲ್ಲ, ಇದು ಒಳ್ಳೇ ಸುದ್ದಿಯ ದಿನ, ಸುಮ್ಮನಿದ್ದರೆ ತಪ್ಪಾಗುತ್ತೆ ಅಂತ. ತಮ್ಮನ್ನು ಹೊರಗೆ ಇಟ್ಟ ಊರಿಗೇ ಹೋಗಿ ಸುದ್ದಿ ಮುಟ್ಟಿಸಿದರು.

ನಮ್ಮ ದೊಡ್ಡಮ್ಮ ಬಾಗಿಲಲ್ಲಿ ನಿಂತು ಹೇಳಿದ ಮಾತು ಇದೇ ತಾನೇ? ನಾನು ಆಮೇಲೆ ಹೋಗಿ ಕೇಳಿದೆ, "ದೊಡ್ಡಮ್ಮ, ಆ ಕುಷ್ಠರೋಗಿಗಳ ಕಥೆ ಗೊತ್ತಾ?" "ಯಾಕ್ ಗೊತ್ತಿಲ್ಲ ಮಗ? ಊರಾಚೆ ಇದ್ದೋರು ನಾವೇ ತಾನೆ" ಅಂದರು.

ಬಾಯಿ

ನನಗೆ ಮುಖ್ಯ ಅನ್ನಿಸೋದು ಇದು. ನಮ್ಮ ಜನಕ್ಕೆ ತಲೆತಲಾಂತರದಿಂದ ಹೇಳಿಕೊಟ್ಟಿದ್ದು ಒಂದೇ ಪಾಠ: ಬಾಯಿ ಮುಚ್ಚು. ವೇದ ಕೇಳಬೇಡ, ಓದಬೇಡ, ದೊಡ್ಡವರ ಮುಂದೆ ತಲೆ ಎತ್ತಿ ಮಾತಾಡಬೇಡ. ಒಂದು ಧರ್ಮಗ್ರಂಥ ಮೊದಲ ಸಲ, ನಿನಗೆ ಗೊತ್ತಿರೋದನ್ನ ಹೇಳು, ಹೇಳದಿದ್ದರೆ ತಪ್ಪು ಅಂತ ಅಂದಾಗ, ಆ ಮಾತಿನ ತೂಕ ಹುಟ್ಟಾ ಮಾತಾಡಿಕೊಂಡು ಬಂದವರಿಗೆ ತಿಳಿಯೋದಿಲ್ಲ.

ಇದನ್ನ ಸರಿಯಾಗಿ ಹಿಡಿದವರು ದೋರ್ನಕಲ್ ಬಿಷಪ್ ವಿ.ಎಸ್. ಅಜರಯ್ಯ. ತಿರುನೆಲ್ವೇಲಿ ಸೀಮೆಯವರು, 1912ರಲ್ಲಿ ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪ್ ಆದರು. ದೋರ್ನಕಲ್ ಆಗ ನಿಜಾಮರ ಸೀಮೆ, ಸಭೆಯ ತುಂಬ ಮಾಲರು, ಮಾದಿಗರು. ದೀಕ್ಷಾಸ್ನಾನ ಆದವರಿಗೆ ಅಜರಯ್ಯ ತಮ್ಮ ತಲೆಯ ಮೇಲೆ ತಾವೇ ಕೈ ಇಟ್ಟುಕೊಂಡು ಒಂದು ಮಾತು ಹೇಳಿಸುತ್ತಿದ್ದರು. ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯ ಒಂಬತ್ತನೇ ಅಧ್ಯಾಯದ ಮಾತು: ಸುವಾರ್ತೆ ಸಾರದೆ ಹೋದರೆ ನನ್ನ ಗತಿ ಏನು ಅನ್ನೋ ಅರ್ಥದ್ದು. ಬಿಷಪ್ಪಿನ ಕೈ ಅಲ್ಲ, ಅವರವರ ಕೈ, ಅವರವರ ತಲೆ. ಜೀತದಾಳು, ಕೂಲಿ ಹೆಂಗಸು, ಹೆಬ್ಬೆಟ್ಟಿನವರು ಆ ಕ್ಷಣದಲ್ಲಿ ಬೋಧಕರಾದರು.

ಅದೇ ಕಾಲಕ್ಕೆ, 1936ರ ಕೊನೆಯಲ್ಲಿ, ಗಾಂಧಿ ಅಮೆರಿಕದ ಜಾನ್ ಮಾಟ್ ಜೊತೆ ಮಾತಾಡುತ್ತಾ, ನೀವು ಹಸುವಿಗೆ ಸುವಾರ್ತೆ ಸಾರುತ್ತೀರಾ ಅಂತ ಕೇಳಿದರು. ಅಸ್ಪೃಶ್ಯರಲ್ಲಿ ಕೆಲವರ ತಿಳಿವಳಿಕೆ ಅದಕ್ಕಿಂತ ಕಡಿಮೆ ಅನ್ನೋ ಅರ್ಥದಲ್ಲಿ. ಇದು ಅವರದೇ ಹರಿಜನ್ ಪತ್ರಿಕೆಯಲ್ಲಿ ಅಚ್ಚಾಯಿತು. ದಿತ್ತ ತೀರ್ಮಾನ ತಗೊಂಡು ಅರವತ್ತು ವರ್ಷ ಕಳೆದಿತ್ತು.

ಬಾಬಾಸಾಹೇಬರಿಗೆ ಈ ಬಾಯಿಯ ಬೆಲೆ ಗೊತ್ತಿತ್ತು. ಅವರು ಕ್ರೈಸ್ತ ಧರ್ಮಕ್ಕೆ ಹೋಗಲಿಲ್ಲ. 1956ರಲ್ಲಿ ನಾಗಪುರದಲ್ಲಿ ಬೌದ್ಧರಾದಾಗ, ಪ್ರತಿಯೊಬ್ಬ ಬೌದ್ಧನಿಗೂ ಬೇರೆಯವರಿಗೆ ದೀಕ್ಷೆ ಕೊಡೋ ಹಕ್ಕಿದೆ ಅಂತ ಸಾರಿದರು. ಪುರೋಹಿತ ಬೇಡ, ಮೇಲಿನವರ ಅಪ್ಪಣೆ ಬೇಡ. ದಾರಿ ಬೇರೆ, ನಮ್ಮವರ ಕೈಗೆ ಸಿಕ್ಕ ಅಧಿಕಾರ ಅದೇ.

ಹೊಗಳಿ ಮುಗಿಸೋದಕ್ಕಾಗಲ್ಲ

ಇಲ್ಲಿಗೇ ನಿಲ್ಲಿಸಿದರೆ ಸುಳ್ಳಾಗುತ್ತದೆ. ಚರ್ಚಿನೊಳಗೆ ಜಾತಿ ಸಾಯಲಿಲ್ಲ. ಮಾಲ ಮಾದಿಗರ ನಡುವಿನ ಗೋಡೆ ಸಭೆಯೊಳಗೂ ಬಂತು. ಮೇಲುಜಾತಿ ಕ್ರೈಸ್ತರ ಪಕ್ಕದಲ್ಲಿ ಹೂಳಿಸಿಕೊಳ್ಳೋ ಜಾಗಕ್ಕೂ ನಮ್ಮ ಜನ ಜಗಳ ಆಡಬೇಕಾದ ಊರುಗಳಿವೆ. ಅಸ್ಪೃಶ್ಯರಾಗಿದ್ದು ಕ್ರೈಸ್ತರಾದವರು ತಮ್ಮ ಮೇಲಿನ ಅನ್ಯಾಯದ ವಿರುದ್ಧ ಚಳವಳಿ ಕಟ್ಟಲಿಲ್ಲ ಅಂತ ಬಾಬಾಸಾಹೇಬರೇ ಕಟುವಾಗಿ ಬರೆದಿದ್ದಾರೆ. ಪಾಕಿಸ್ತಾನದಲ್ಲಿ ದಿತ್ತನ ಮೊಮ್ಮಕ್ಕಳ ಮೊಮ್ಮಕ್ಕಳು ಇವತ್ತಿಗೂ ಚರಂಡಿಗೆ ಇಳಿಯುತ್ತಿದ್ದಾರೆ. ಸುವಾರ್ತೆ ಹೇಳೋ ಬಾಯಿ ಬಂತು, ಕೂಲಿ ಕೇಳೋ ಬಾಯಿ, ಜಾತಿ ಪ್ರಶ್ನಿಸೋ ಬಾಯಿ ಎಲ್ಲಿ ಹೋಯ್ತು? ನಮ್ಮ ಕ್ರೈಸ್ತ ಬಂಧುಗಳು ಇದಕ್ಕೆ ಉತ್ತರ ಹೇಳಬೇಕು. ಬೌದ್ಧರಾದ ನಾವೂ ಹೇಳಬೇಕು.

ಕಾನೂನಿನ ಮಾತು ಕೊನೆಗೆ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿ ಅಂದರೆ ಹಿಂದೂ. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಕ್ರೈಸ್ತನಾದ ದಲಿತ ಇವತ್ತಿಗೂ ಹೊರಗೆ. ಅಂದರೆ ಚರ್ಚಿಗೆ ಹೋದರೆ ಸಿಗೋದಕ್ಕಿಂತ ಕಳಕೊಳ್ಳೋದೇ ಹೆಚ್ಚು. ಅಕ್ಕಿ ಮೂಟೆಯ ಲೆಕ್ಕ ಹೇಳೋರು ಈ ಲೆಕ್ಕವನ್ನೂ ಹಾಕಲಿ.

ನಮ್ಮ ರಾಜ್ಯದಲ್ಲಿ 2022ರಲ್ಲಿ ಬಂದ ಮತಾಂತರ ಕಾಯ್ದೆ ನೋಡಿ. ರದ್ದು ಮಾಡ್ತೀವಿ ಅಂತ 2023ರ ಜೂನ್‌ನಲ್ಲಿ ಸಚಿವ ಸಂಪುಟ ತೀರ್ಮಾನಿಸಿತು. ಆದರೆ ಆ ಕಾಯ್ದೆಯ ಒಳಗಿನ ಮನಸ್ಸನ್ನ ಗಮನಿಸಿ. ಮತಾಂತರ ಆಗೋನು 30 ದಿನ ಮೊದಲು ಜಿಲ್ಲಾಧಿಕಾರಿಗೆ ನಮೂನೆ ತುಂಬಿ ಕೊಡಬೇಕು. ನಾನು ಗುಮಾಸ್ತ, ನಮೂನೆ ತುಂಬಿಸೋದೇ ನನ್ನ ಹೊಟ್ಟೆಪಾಡು. ಮನಸ್ಸು ಬದಲಾಗಿದ್ದಕ್ಕೆ ನಮೂನೆ ಇರೋದನ್ನ ನಾನು ಅಲ್ಲೇ ಮೊದಲು ನೋಡಿದ್ದು. ಇನ್ನು ಶಿಕ್ಷೆ: ಮಾಮೂಲಿ ಮೂರರಿಂದ ಐದು ವರ್ಷ. ಮತಾಂತರ ಮಾಡಿಸಿದ್ದು ಅಪ್ರಾಪ್ತ ಮಕ್ಕಳನ್ನು, ಬುದ್ಧಿ ಸ್ವಾಧೀನದಲ್ಲಿ ಇಲ್ಲದವರನ್ನು, ಹೆಂಗಸರನ್ನು, ಪರಿಶಿಷ್ಟ ಜಾತಿ ಪಂಗಡದವರನ್ನು ಅಂತಾದರೆ ಹತ್ತು ವರ್ಷದವರೆಗೆ. ಆ ಪಟ್ಟಿ ಇನ್ನೊಂದು ಸಲ ಓದಿ. ಸ್ವಂತ ಬುದ್ಧಿ ಇಲ್ಲದವರು ಅಂತ ಬರೆದಿಲ್ಲ ಅಷ್ಟೇ.

ನಮ್ಮ ದೊಡ್ಡಮ್ಮ ಆ ಪಟ್ಟಿಯಲ್ಲಿ ಎರಡು ಸಲ ಬರ್ತಾರೆ, ಹೆಂಗಸು ಅಂತ ಒಂದು ಸಲ, ನಮ್ಮ ಜಾತಿಯವರು ಅಂತ ಇನ್ನೊಂದು ಸಲ. ಅವರು ಮುಂದಿನ ಬುಧವಾರವೂ ಪ್ರಾರ್ಥನೆ ನಡೆಸಿದರು. ಆವತ್ತು ನಾನೂ ಹೋಗಿ ಜಗಲಿ ಮೇಲೆ ಕೂತಿದ್ದೆ. ಪ್ರಾರ್ಥನೆ ಮಾಡೋದಕ್ಕಲ್ಲ. ಮತ್ತೆ ಯಾರಾದರೂ ಬಂದು, ನಿನ್ನನ್ನು ಕಳಿಸಿದ್ದು ಯಾರು ಅಂತ ಕೇಳಿದರೆ, ಅವರು ಒಬ್ಬರೇ ಉತ್ತರ ಹೇಳಬಾರದು ಅಂತ.

ಗೆಳೆಯರೇ, ನಿಮ್ಮ ಕೇರಿಯಲ್ಲೂ ಹೀಗೆ ಯಾರಾದರೂ ಬಾಗಿಲಿಗೆ ಬಂದಾಗ, ನೀವು ಯಾವ ಧರ್ಮದವರೇ ಆಗಿರಿ, ಜಗಲಿ ಮೇಲೆ ಹೋಗಿ ಕೂರಿ. ನಮ್ಮವರು ಯಾವ ದೇವರನ್ನು ನಂಬಬೇಕು, ಯಾರನ್ನೂ ನಂಬದೆ ಇರಬೇಕು ಅನ್ನೋದನ್ನ ನಮ್ಮವರೇ ತೀರ್ಮಾನ ಮಾಡಲಿ. ಚರ್ಮದ ವ್ಯಾಪಾರಿಗಳು ನೂರೈವತ್ತು ವರ್ಷದ ಹಿಂದೆಯೇ ಅದನ್ನ ಮಾಡಿ ತೋರಿಸಿದ್ದಾರೆ.

ಜೈಭೀಮ್.